ರಜೆಯ ಮೇಲಿದ್ದ ಎತ್ತುಗಳು

ಶಿವರಂಜನಿ ಯಾವ ಕೆಲಸವನ್ನೂ ಕೆಡಿಸಿದವಳಲ್ಲ. ಹಾಗಂತ ಮುಗಿಸಿದವಳೂ ಅಲ್ಲ. ಶಹಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಈ ಹುಡುಗಿ ಮೊದಲ ವರ್ಷ ಲೋಲಕದ ಪ್ರಯೋಗ ಮಾಡುವಾಗ, ಕಿಟಕಿಯ ಗಾಳಿಗೆ ದಾರ ಅಲುಗಿರಬಹುದೆಂದು ಸಂಶಯಪಟ್ಟು ಮೊದಲಿನಿಂದ ಶುರುಮಾಡಿದಳು. ಮತ್ತೆ ಸಂಶಯ ಬಂತು, ಮತ್ತೆ ಶುರುಮಾಡಿದಳು. ಒಳಗೆ ಯಾರೂ ಇರಲಾರರೆಂದು ಜವಾನ ಲ್ಯಾಬಿಗೆ ಬೀಗ ಜಡಿದು ಮನೆಗೆ ಹೋದ. ಸುದ್ದಿ ತಿಳಿದು ಓಡಿಬಂದು ಬೀಗ ತೆಗೆಸಿದವರು ಭೌತಶಾಸ್ತ್ರದ ಶಾಂತಕುಮಾರ ಸರ್. ಅವರನ್ನು ಕಂಡು ಅವಳು ಆಡಿದ ಮೊದಲ ಮಾತು: "ಸರ್, ಬಾಗಿಲಾ ಪೂರಾ ತಗೀಬ್ಯಾಡ್ರಿ, ಗಾಳಿ ಬರ್ತದ."

ಅದಕ್ಕೇ ಕಡೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ತಾನೊಂದು ಸ್ಟಾಪ್-ಮೋಷನ್ ಸಿನಿಮಾ ಮಾಡುತ್ತೇನೆಂದು ಅವಳು ಹೇಳಿದಾಗ ಸರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಜೀವವಿಲ್ಲದ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು ಫೋಟೋ, ಹೀಗೆ ಸಾವಿರಾರು ಫೋಟೋ ತೆಗೆದು ಒಂದರ ಹಿಂದೊಂದು ಓಡಿಸಿದರೆ ಗೊಂಬೆ ತಾನಾಗಿ ನಡೆದಂತೆ ಕಾಣುತ್ತದೆ. ಜಗತ್ತಿನ ಅಷ್ಟೂ ಕೆಲಸಗಳಲ್ಲಿ ಇವಳು ತನ್ನ ರೋಗಕ್ಕೆ ಸರಿಹೊಂದುವುದನ್ನೇ ಹುಡುಕಿ ತೆಗೆದಿದ್ದಾಳೆ ಎಂದು ಅವರಿಗೆ ಅನಿಸಿರಬೇಕು.

"ಪಿಚ್ಚರ್ ತಗಿ, ಬಯಲಾಟ ಆಡು, ಏನರ ಮಾಡು," ಎಂದರು. "ಗುರುವಾರ ಮುಂಜಾನಿ ಹತ್ತಕ್ಕ ನನ್ನ ಟೇಬಲ್ ಮ್ಯಾಲ ಇರಬೇಕು. ಯಾದಗಿರಿಯಿಂದ ಪರೀಕ್ಷಕರು ಬರ್ತಾರ. ಅವತ್ತ ತಪ್ಪಿತಂದ್ರ ಪ್ರಾಜೆಕ್ಟ್ ಇಲ್ಲ, ಡಿಗ್ರಿ ಇಲ್ಲ. ಮುಂದಿನ ವರ್ಷ ಮತ್ತ ನನ್ನ ಮುಖಾನಽ ನೋಡಬೇಕಾಗ್ತದ. ನಿನಗೂ ತ್ರಾಸು, ನನಗೂ ತ್ರಾಸು."

ಸಿನಿಮಾದ ಹೆಸರು 'ಇಳಿಜಾರು'. ಜೋಡೆತ್ತುಗಳು ಕಲ್ಲು ಹೇರಿದ ಬಂಡಿಯನ್ನು ಒಂದು ಏರಿನ ಮೇಲೆ ಎಳೆಯುತ್ತವೆ, ನಡುವೆ ಸಿಕ್ಕಿಕೊಳ್ಳುತ್ತವೆ, ಕಡೆಗೆ ನೆತ್ತಿ ಮುಟ್ಟುತ್ತವೆ. ಯಾವ ಕಡೆ ಎಷ್ಟು ಬಲ ಬೀಳುತ್ತದೆಂದು ತೋರಿಸಲು ಅಲ್ಲಲ್ಲಿ ರಂಗೋಲಿ ಪುಡಿಯ ಬಾಣಗಳು. ಎತ್ತುಗಳನ್ನು ಶಿವರಂಜನಿ ವನದುರ್ಗದ ದಾರಿಯ ಹೊಲದಿಂದ ತಂದ ಎರೆಮಣ್ಣಿನಲ್ಲಿ ಮಾಡಿದ್ದಳು. ಒಣಗಿದರೆ ಬಿರಿಯುವ ಮಣ್ಣು ಅದು. ಅರಳೆ ಸೇರಿಸಿ, ಎಣ್ಣೆ ಹಚ್ಚಿ, ಹಸಿ ಬಟ್ಟೆ ಸುತ್ತಿ ಕೂಸಿನಂತೆ ಸಾಕಿದ್ದಳು. ಒಳಗೆ ತಂತಿಯ ಎಲುಬು. ಕುತ್ತಿಗೆ ಬಾಗುತ್ತಿತ್ತು, ಕಾಲು ಮಡಿಯುತ್ತಿತ್ತು. ಬಾಲಕ್ಕೆ ಮಾತ್ರ ತಂತಿ ಸಾಲದೆ ಅದು ಸೆಟೆದು ನಿಂತಿತ್ತು. ಆ ಕೊರತೆ ನೆನಪಾದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

ಬಂಡಿ ಹೊಡೆಯುವವನನ್ನು ಮಾಡಿದ್ದು ಗೆಳತಿ ಸಮ್ರೀನ್. ಫೋನು ಅವಳದು, ಫೋಟೋ ತೆಗೆಯುವವಳೂ ಅವಳೇ. ತಂತಿ, ಬಟ್ಟೆಚೂರುಗಳಲ್ಲಿ ಒಂದು ಗೇಣಿಗಿಂತ ಚಿಕ್ಕ ಮನುಷ್ಯನನ್ನು ಕಟ್ಟಿ, ಹಳೆಯ ಬ್ರಶ್ಶಿನ ಕೂದಲು ಕಿತ್ತು ಮೀಸೆ ಅಂಟಿಸಿದ್ದಳು. ಮೀಸೆ ಅಂಟಿದ ಮೇಲೆ ಇಬ್ಬರೂ ಗೊಂಬೆಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು.

"ಇದು ಶಾಂತಕುಮಾರ ಸರ್ ಅಲ್ಲೇನ?"

"ನಾ ಬೇಕಂತ ಮಾಡಿಲ್ಲ, ಖುದಾ ಕಸಮ್. ಕೈ ತಾನಽ ಹಂಗ ಹೋತು."

ಎಡಗಡೆಯ ಮೀಸೆ ಬಲಗಡೆಗಿಂತ ಚೂರು ಉದ್ದವಿರುವುದೂ ಅವರದರಂತೆಯೇ ಇತ್ತು. ಇರಲಿ, ಅವನು ಕಾಣುವುದು ಬೆನ್ನು ಮಾತ್ರ, ಅದೂ ಒಂದೆರಡು ಸೆಕೆಂಡು ಎಂದು ಶಿವರಂಜನಿ ಸಮಾಧಾನ ಮಾಡಿಕೊಂಡಳು.

ಚಿತ್ರೀಕರಣ ನಡೆದದ್ದು ಅವಳ ಮನೆಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ. ಬೆಳಕು ಬದಲಾಗಬಾರದೆಂದು ಕಿಟಕಿಗೆ ಕಂಬಳಿ. ಗಾಳಿಗೆ ಬಾಣಗಳು ಹಾರಬಾರದೆಂದು ಫ್ಯಾನು ಬಂದ್. ಲ್ಯಾಬಿನಿಂದ ತಂದ ಕಬ್ಬಿಣದ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ, ಸ್ಕೇಲು ಹಿಡಿದು ಎತ್ತನ್ನು ಸರಿಸುತ್ತ ಶಿವರಂಜನಿ ಬೆವರುತ್ತಿದ್ದಳು. "ರಂಜೂ, ಎತ್ತು ಬಿರೀತಾವಂತ ಹೆದರ್ತಿ. ಅದಕ್ಕೂ ಮೊದ್ಲ ನಾ ಬಿರೀತೀನಿ ನೋಡು," ಎಂದು ಸಮ್ರೀನ್ ದುಪಟ್ಟಾದಿಂದ ಗಾಳಿ ಬೀಸಿಕೊಂಡರೆ, "ಬೀಸಬ್ಯಾಡ!" ಎಂದು ಶಿವರಂಜನಿ ಚೀರುತ್ತಿದ್ದಳು.

ಬುಧವಾರ ಬೆಳಗಾಗುವಷ್ಟರಲ್ಲಿ ಬಂಡಿ ಅರ್ಧ ಏರು ಹತ್ತಿತ್ತು. ಉಳಿದರ್ಧವನ್ನು ಅಂದೇ ಮುಗಿಸಬೇಕು. ಅಷ್ಟರಲ್ಲಿ ಸ್ಟ್ಯಾಂಡಿನ ತಿರುಪು ಸವೆದು ಫೋನು ಬಾಗತೊಡಗಿತು. ಶಿವರಂಜನಿ ಕೋಣೆಯ ಬಾಗಿಲಿಗೆ 'ಯಾರೂ ಮುಟ್ಟಬೇಡಿ' ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ, ಸಮ್ರೀನಳ ಸ್ಕೂಟಿಯ ಹಿಂದೆ ಹತ್ತಿ ಬೇರೆ ಸ್ಟ್ಯಾಂಡು ತರಲು ಕಾಲೇಜಿಗೆ ಹೋದಳು. ಮನೆಯಲ್ಲಿ ಅಪ್ಪ ಅವ್ವ ಇರಲಿಲ್ಲ. ಗುರುಮಠಕಲ್ಲಿನಲ್ಲಿ ನೆಂಟರ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಇದ್ದವಳು ಅಪ್ಪನ ತಾಯಿ, ಅವಳ ಆಯಿ, ಗೊಲ್ಲಾಳಮ್ಮ ಒಬ್ಬಳೇ. ಎಲ್ಲವನ್ನೂ ಅಳೆದು ನೋಡುವ ಶಿವರಂಜನಿ ಅಂದು ನೋಡದೆ ಬಿಟ್ಟದ್ದು ಒಂದೇ, ಗೋಡೆಯ ಮೇಲಿನ ಕ್ಯಾಲೆಂಡರು. ಅಂದು ಮಣ್ಣೆತ್ತಿನ ಅಮಾವಾಸ್ಯೆ.

ಮಧ್ಯಾಹ್ನ ಇಬ್ಬರೂ ಸ್ಟ್ಯಾಂಡು ಹಿಡಿದು ಹಿಂದಿರುಗಿದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಆಯಿಗೇನಾದರೂ ಆಯಿತೇ ಎಂದು ಶಿವರಂಜನಿ ಒಳಗೆ ನುಗ್ಗಿದರೆ ಆಯಿಗೆ ಏನೂ ಆಗಿರಲಿಲ್ಲ. ದೇವರ ಜಗಲಿಯ ಪಕ್ಕದಲ್ಲಿ ಹೊಸ ಇಳಕಲ್ ಸೀರೆಯುಟ್ಟು, ಮಗನ ಮದುವೆಯಲ್ಲಿ ಕೂತಂತೆ ಕೂತಿದ್ದಳು. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಜಗಲಿಯ ಮೇಲೆ, ಊದಿನಕಡ್ಡಿಯ ಹೊಗೆಯ ನಡುವೆ, 'ಇಳಿಜಾರು' ಸಿನಿಮಾದ ಎರಡೂ ನಾಯಕರು ನಿಂತಿದ್ದರು. ಹಣೆಗೆ ವಿಭೂತಿ, ಅದರ ಮೇಲೆ ಕಾಸಿನಗಲ ಕುಂಕುಮ. ಕೊಂಬಿಗೆ ಅರಿಷಿಣ. ಕೊರಳಲ್ಲಿ ಚೆಂಡುಹೂವಿನ ಮಾಲೆ. ಬಾಯಿಗೆ ಮೆತ್ತಿದ ಹೋಳಿಗೆಯ ಹೂರಣ, ಹೂರಣದ ಕಡೆಗೆ ಸಾಲುಗಟ್ಟಿ ಹೊರಟ ಇರುವೆಗಳು.

"ಬಾ ನನ್ನವ್ವ ಬಾ!" ಎಂದಳು ಗೊಲ್ಲಾಳಮ್ಮ, ಎಲ್ಲರಿಗೂ ಕೇಳುವಂತೆ. "ಪ್ರತಿ ವರ್ಷಾ ಕುಂಬಾರ ಲಾಲಪ್ಪ ಎತ್ತು ತಂದು ಕೊಡ್ತಿದ್ದ. ಈ ಸಲ ಕಣ್ಣಿನ ಆಪರೇಶನ್ ಆಗಿ ಮಕ್ಕೊಂಡಾನ. ಬಾಡಿದ ಮುಖಾ ಮಾಡ್ಕೊಂಡು ಕುಂತಿದ್ದೆ. ಹಿಂದಿನ ಖೋಲಿಗಿ ಹೋಗಿ ನೋಡ್ತೀನಿ, ನಮ್ಮ ಹುಡುಗಿ ಯಾರಿಗೂ ಹೇಳಲಾರದ ತಾನಽ ಮಾಡಿಟ್ಟಾಳ! ಬಾಗಲಿಗಿ ಬೋರ್ಡು ಬ್ಯಾರೆ, ಯಾರೂ ಮುಟ್ಟಬ್ಯಾಡ್ರಿ ಅಂತ. ಇಷ್ಟು ಮಡಿ ಯಾವಾಗ ಕಲತಳೋ ನನಗಽ ಗೊತ್ತಿಲ್ಲ. ಹಂಗಽ ಮುಟ್ಟಬಾರ್ದಂತ ಮತ್ತೊಮ್ಮಿ ಮೈ ತೊಳ್ಕೊಂಡು ಹೋಗಿ ಎತ್ಕೊಂಡು ಬಂದೆ."

ಸಮ್ರೀನ್ ಬಾಗಿಲ ಹಿಂದೆ ಸರಿದು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು.

"ಆಯಿ, ಅದು..." ಎಂದು ಶಿವರಂಜನಿ ಬಾಯಿ ತೆರೆದಳು. ಎದುರು ಮನೆಯ ಗುರುದೇವಿ ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟಳು.

"ಏನ್ ಕೈಯವ್ವಾ ಇವು! ನಾ ಮಾಲಿ ಹಾಕಿದ್ದಽ ತಡ, ಬಸವಣ್ಣ ಮೆಲ್ಲಕ ತಲಿ ಬಾಗಿಸಿದ. ನನ್ನ ಕಣ್ಣಾರೆ ನೋಡೀನಿ. ಬ್ಯಾಡಪಾ ಅಂದ್ರೂ ಬಾಗಿಸಿದ!"

ಮಾಲೆಯ ಭಾರಕ್ಕೆ ತಂತಿಯ ಕುತ್ತಿಗೆ ಬಾಗಿತ್ತು. ಅದು ಹೇಗೆ, ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನೆಲ್ಲ ಶಿವರಂಜನಿ ಲೆಕ್ಕ ಹಾಕಿ ಹೇಳಬಲ್ಲವಳಾಗಿದ್ದಳು. ಆದರೆ ಆಯಿಯ ಮುಖ ನೋಡಿದಳು. ಈ ಹುಡುಗಿಗೆ ಹಬ್ಬ ಹುಣ್ಣಿಮೆ ಒಂದೂ ಬೇಡ ಎಂದು ವರ್ಷಗಳಿಂದ ಇದೇ ಹೆಂಗಸರ ಮುಂದೆ ಗೊಣಗುತ್ತಿದ್ದ ಮುಖ ಅದು, ಇಂದು ಅರಳಿತ್ತು. ಶಿವರಂಜನಿ ಬಾಯಿ ಮುಚ್ಚಿಕೊಂಡಳು. ಕೆಳಗಿನ ಓಣಿಯಿಂದ ಇನ್ನೊಂದು ಗುಂಪು ಬಂತು. ಅವರಿಗೂ ಎತ್ತು ತಲೆ ಬಾಗಿಸಬೇಕಿತ್ತು. ಗುರುದೇವಿ ಇನ್ನೊಂದು ಮಾಲೆ ಹಾಕಿದಳು. ಎತ್ತು ಪಾಪ, ಇನ್ನಷ್ಟು ಬಾಗಿಸಿತು.

ಜನ ಕರಗಿದ ಮೇಲೆ ಶಿವರಂಜನಿ ಆಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಸಿನಿಮಾ, ನಾಳೆಯ ಹತ್ತು ಗಂಟೆ, ಹೋಗಲಿರುವ ವರ್ಷ. ಗೊಲ್ಲಾಳಮ್ಮ ಹೋಳಿಗೆ ಮುರಿಯುತ್ತ ಕೇಳಿಸಿಕೊಂಡಳು.

"ಬಜಾರದಾಗ ಬಣ್ಣದ ಎತ್ತು ಸಿಗ್ತಾವ, ಆಯಿ. ಈಗಽ ತಂದು ಕೊಡ್ತೀನಿ. ಅವನ್ನ ಇಟ್ಟು ಇವನ್ನ ನನಗ ಕೊಡು."

"ಪೂಜಿ ಆದ ದೇವರನ್ನ ಬದ್ಲಿ ಮಾಡ್ತಾರೇನು? ನಿಮ್ಮ ಫೋನಿನ ಸಿಮ್ ಅಂತ ತಿಳಿದೀಯೇನು?"

"ಹಂಗಾರ ಪೂಜಿ ಆತಲ್ಲ. ಒಯ್ತೀನಿ."

"ಒಯ್ದು?"

"ಬಂಡಿಗಿ ಹೂಡಬೇಕು."

ಗೊಲ್ಲಾಳಮ್ಮನ ಕೈ ನಿಂತಿತು. "ಇವತ್ತ?"

ಆಗ ಶಿವರಂಜನಿಗೆ ಇನ್ನೊಂದು ಕಷ್ಟ ಕಣ್ಣಿಗೆ ಬಿತ್ತು. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಊರಿನ ಯಾವ ಎತ್ತೂ ಅಂದು ಬಂಡಿಗೆ ಬರುವುದಿಲ್ಲ. ಮೈ ತೊಳೆಸಿಕೊಂಡು ತಿಂದು ಮಲಗುತ್ತವೆ. ಬದುಕಿರುವ ಎತ್ತಿಗೇ ಇಲ್ಲದ ದುಡಿಮೆ ಪೂಜೆಗೊಂಡ ಎತ್ತಿಗೆ ಎಲ್ಲಿಂದ ಬರಬೇಕು?

"ಇದು ಮಣ್ಣು, ಆಯಿ! ಬಂಡಿ ರಟ್ಟಿಂದು! ಚಕ್ರ ಬಾಟ್ಲಿ ಮುಚ್ಚಳ!"

"ಮಣ್ಣಂತನಽ ಮಣ್ಣೆತ್ತಿನ ಅಮಾಸಿ ಅಂತಾರ. ಇವತ್ತ ಅವಕ್ಕ ರಜಾ. ನಾಳಿ ಹೊತ್ತ ಹುಟ್ಟೂದರಾಗ ಕೆರಿಗಿ ಬಿಟ್ಟು ಬರ್ತೀನಿ. ನಡುವ ಅವನ್ನ ದುಡಿಸಿದ್ರ ನೋಡು ಮತ್ತ."

ಇಂದು ರಜೆ, ನಾಳೆ ನೀರು. ನಡುವೆ ಜಾಗವೇ ಇಲ್ಲ. ಶಿವರಂಜನಿಯ ತಾಳ್ಮೆ ತಂತಿಯಂತೆ ಬಾಗಿ ಬಾಗಿ ಕಡೆಗೆ ತುಂಡಾಯಿತು.

"ಹಂಗಾರ ಎತ್ತು ಬಂಡ್ಯಾಗ ಕುಂದ್ರಲಿ, ಮನಷ್ಯಾ ಜಗ್ಗಲಿ! ಆಗೂದೇನು?"

"ಜಗ್ಗಲಿ," ಎಂದಳು ಗೊಲ್ಲಾಳಮ್ಮ ಶಾಂತವಾಗಿ. "ದೇವರು ಬಂಡ್ಯಾಗ ಕುಂತು ಮೆರವಣಗಿ ಹೋಗೂದು ತಪ್ಪೇನಲ್ಲ. ವರ್ಷಾನುಗಟ್ಟಲೆ ಜಗ್ಗ್ಯಾವ. ಒಂದಿನ ಮನಷ್ಯಾ ಜಗ್ಗಿದ್ರ ಅವನ ಗಂಟೇನು ಹೋತು?"

ಬಾಗಿಲಲ್ಲಿದ್ದ ಸಮ್ರೀನ್ ದುಪಟ್ಟಾವನ್ನು ಬಾಯಿಂದ ತೆಗೆದಳು. "ರಂಜೂ," ಎಂದಳು, ಕಣ್ಣರಳಿಸಿ. "ಅದಽ ಮಾಡೂಣು."

"ಸಮ್ರೀನ್, ಮನಷ್ಯಾ ಅಂದ್ರ ಯಾರು ಗೊತ್ತದಲ್ಲ ನಿನಗ?"

ಗೊತ್ತಿತ್ತು. ಎರಡು ಸೆಕೆಂಡು ಬೆನ್ನು ತೋರಿಸಿ ಹೋಗಬೇಕಾಗಿದ್ದ ಶಾಂತಕುಮಾರ ಸರ್ ಈಗ ಮೀಸೆ ಸಮೇತ ನೊಗಕ್ಕೆ ಹೆಗಲು ಕೊಟ್ಟು, ಎರಡು ಎತ್ತುಗಳನ್ನು ಏರು ಹತ್ತಿಸಬೇಕು. ಅಂಕ ಹಾಕುವವರೂ ಅವರೇ. ಶಿವರಂಜನಿ ಮೀಸೆಯನ್ನಾದರೂ ಕೀಳೋಣವೆಂದು ನೋಡಿದಳು. ಸಮ್ರೀನ್ ಅದನ್ನು ಎಂಥ ಅಂಟಿನಿಂದ ಅಂಟಿಸಿದ್ದಳೆಂದರೆ ಮೀಸೆಯ ಜೊತೆ ಮುಖವೂ ಬರುತ್ತಿತ್ತು.

ಎತ್ತುಗಳು ಹರಿವಾಣದಲ್ಲಿ ಮೆರವಣಿಗೆ ಹೊರಟು ಹಿಂದಿನ ಕೋಣೆಗೆ ಬಂದವು. ಪೂಜೆಯಾದ ಎತ್ತನ್ನು ತಾನಲ್ಲದೆ ಬೇರೆ ಯಾರೂ ಮುಟ್ಟಕೂಡದೆಂದು ಗೊಲ್ಲಾಳಮ್ಮ ಕರಾರು ಹಾಕಿದ್ದಳು. ಹಾಗಾಗಿ ಬಂಡಿ ಮತ್ತು ಮನುಷ್ಯ ಶಿವರಂಜನಿಯ ಪಾಲು, ಎತ್ತುಗಳ ತಲೆ ಆಯಿಯ ಪಾಲು. ಅರ್ಧ ಸಿನಿಮಾದಲ್ಲಿ ಬೋಳಾಗಿದ್ದ ಎತ್ತುಗಳ ಹಣೆಗೆ ಕುಂಕುಮ ಎಲ್ಲಿಂದ ಬಂತೆಂದು ನೋಡುವವರು ಕೇಳಬಾರದಲ್ಲ? ಅದಕ್ಕೆ ಸಮ್ರೀನ್ ಕ್ಯಾಲೆಂಡರಿನಿಂದ ಅಮಾವಾಸ್ಯೆಯ ಹಾಳೆ ಹರಿದು ತಂದು, ಅದು ಗಾಳಿಯಲ್ಲಿ ತೇಲಿಬಂದು ಏರಿನ ಮೇಲೆ ಬಿದ್ದಂತೆ ಫೋಟೋ ತೆಗೆದಳು. ಹಾಳೆ ಬಿದ್ದದ್ದೇ ಎತ್ತುಗಳು ನೊಗ ಕಳಚಿ, ಬಂಡಿಯ ಹಿಂಭಾಗಕ್ಕೆ ನಡೆದು, ಕಲ್ಲುಗಳ ಮೇಲೆ ಹತ್ತಿ ಕುಳಿತವು. ಕೆಳಗಿಳಿದ ಮನುಷ್ಯ ಸುತ್ತಮುತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಹೆಗಲು ಕೊಟ್ಟ.

"ಚೂರಽ ಚೂರು, ಆಯಿ. ಜ್ವಾಳದ ಕಾಳಿನಷ್ಟು. ಅಷ್ಟಽ," ಎನ್ನುತ್ತಿದ್ದಳು ಶಿವರಂಜನಿ. ಸ್ಕೇಲನ್ನು ಆಯಿ ಮೊದಲೇ ಬೆನ್ನು ಕೆರೆದುಕೊಳ್ಳಲು ತೆಗೆದುಕೊಂಡಿದ್ದಳು.

"ಗೊತ್ತಾತು ಬಿಡವ್ವ. ನನ್ನಪ್ಪಾ, ಚೂರು ಈ ಕಡಿ ನೋಡು. ನೋಡು, ಹಳ್ಳಾ ಕಾಣ್ತದ."

"ಕೈ ತಗೀರಿ ಆಯಿ," ಎನ್ನುತ್ತಿದ್ದಳು ಸಮ್ರೀನ್. ಕ್ಲಿಕ್.

"ಈಗ ಈ ಕಡಿ ನೋಡು. ಹೊಲ ನೋಡು, ಹತ್ತಿ ಹೆಂಗದ ನೋಡು."

"ಕೈ ತಗೀರಿ." ಕ್ಲಿಕ್.

ಗೊಲ್ಲಾಳಮ್ಮ ಸರಿಸಿದ ತಲೆಗಳು ಒಂದೇ ಅಳತೆಗೆ ಸರಿಯುತ್ತಿರಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ಎರಡು ಎತ್ತು ಪರಸ್ಪರ ಮುಖ ನೋಡಿಕೊಂಡುಬಿಡುತ್ತಿದ್ದವು. ಮೊದಮೊದಲು ಶಿವರಂಜನಿ ಪ್ರತಿ ಸಲವೂ ತಿದ್ದಿಸಿದಳು. ಬರಬರುತ್ತ ಗಡಿಯಾರ ನೋಡಿ ಬಿಟ್ಟಳು. ಅವಳ ಜೀವನದಲ್ಲಿ ಅಳೆಯದೆ ಮುಂದೆ ಹೋದ ಮೊದಲ ಕೆಲಸ ಅದು. ಪ್ರತಿ ಕ್ಲಿಕ್ಕಿಗೂ ಹಲ್ಲು ಕೀಳಿಸಿಕೊಂಡಷ್ಟು ನೋವಾಗುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂಡಿ ನೆತ್ತಿಗೆ ಬಂತು. ಇನ್ನೊಂದೇ ಫೋಟೋ. ಶಿವರಂಜನಿ ಮನುಷ್ಯನ ಕಾಲನ್ನು ನೆತ್ತಿಯ ಮೇಲಿಟ್ಟು ಕೈ ತೆಗೆದಳು. ಎತ್ತುಗಳ ಭಾರ, ಕಲ್ಲಿನ ಭಾರ, ಮಾಲೆಗಳ ಭಾರ ಒಟ್ಟಾಗಿ ಆ ಒಂದು ಕಾಲಿನ ಮೇಲೆ ಬಿದ್ದು ತಂತಿ ಟಣ್ಣೆಂದು ಮುರಿಯಿತು. ಬಂಡಿ ಹಿಂದಕ್ಕೆ ಜಾರತೊಡಗಿತು. "ಅಯ್ಯಯ್ಯ ನನ್ನಪ್ಪಾ!" ಎಂದು ಗೊಲ್ಲಾಳಮ್ಮ ಬಳೆ ಸಮೇತ ಕೈ ಚಾಚಿ ಬಂಡಿಯನ್ನು ಹಿಂದಿನಿಂದ ತಡೆದಳು. ಬೆರಳು ಗುಂಡಿಯ ಮೇಲೆಯೇ ಇದ್ದ ಸಮ್ರೀನ್ ಗಾಬರಿಯಲ್ಲಿ ಒತ್ತಿಬಿಟ್ಟಳು. ಕ್ಲಿಕ್.

ಮುರಿದ ಕಾಲು ಕೂಡುವಂತಿರಲಿಲ್ಲ. ಬಂಡಿ ನೆತ್ತಿ ಮುಟ್ಟಿದ ಫೋಟೋ ಎಂದು ಇದ್ದದ್ದು ಅದೊಂದೇ. ಅದರಲ್ಲಿ ಎತ್ತುಗಳ ಹಿಂದೆ, ಎತ್ತುಗಳಿಗಿಂತ ದೊಡ್ಡದಾಗಿ, ಹಸಿರು ಬಳೆಯ ಒಂದು ಮುದಿ ಕೈ.

ಗುರುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಶಿವರಂಜನಿ ಮತ್ತು ಸಮ್ರೀನ್ ಕಾಲೇಜಿನ ಮೆಟ್ಟಿಲು ಹತ್ತಿದರು. ಯಾದಗಿರಿಯಿಂದ ಬಂದ ಪರೀಕ್ಷಕಿ ಸಾವಿತ್ರಿಬಾಯಿ ಮೇಡಂ ಚಹಾ ಕುಡಿಯುತ್ತಿದ್ದರು. ಸಿನಿಮಾ ಗೋಡೆಯ ಮೇಲೆ ಓಡಿತು. ಎತ್ತುಗಳು ಏರು ಹತ್ತಿದವು, ಬಾಣಗಳು ಮೂಡಿದವು, ಶಾಂತಕುಮಾರ ಸರ್ ತಲೆಯಾಡಿಸಿದರು. ಕ್ಯಾಲೆಂಡರಿನ ಹಾಳೆ ಬಿತ್ತು. ಎತ್ತುಗಳು ಬಂಡಿ ಹತ್ತಿದವು. ಮನುಷ್ಯ ಈ ಕಡೆ ತಿರುಗಿ ನೊಗಕ್ಕೆ ಹೆಗಲು ಕೊಟ್ಟ.

ಸಾವಿತ್ರಿಬಾಯಿ ಮೇಡಂ ಚಹಾದ ಕಪ್ಪನ್ನು ಕೆಳಗಿಟ್ಟರು. ಗೋಡೆ ನೋಡಿದರು. ಪಕ್ಕಕ್ಕೆ ನೋಡಿದರು. ಮತ್ತೆ ಗೋಡೆ ನೋಡಿದರು. "ಸರ್, ಈ ಬಂಡಿ ಜಗ್ಗೋರನ್ನ ಎಲ್ಲೋ ನೋಡಿದಂಗ ಅನಸ್ತದಲ್ರಿ."

"ನನಗೇನು ಗುರ್ತ ಸಿಗವಲ್ದು," ಎಂದರು ಶಾಂತಕುಮಾರ ಸರ್. ಅವರ ಬಲಗೈ ತಾನಾಗಿ ಎಡ ಮೀಸೆಯ ಮೇಲೆ ಹೋಗಿತ್ತು.

ಎತ್ತುಗಳು ಮೇಲೆ ಕೂತು ಹೊಲ ನೋಡುತ್ತ, ಹಳ್ಳ ನೋಡುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ಸಂತೆಗೆ ಹೊರಟ ಮುದುಕರಂತೆ ಸಾಗಿದವು. ಅಳತೆಯಲ್ಲಿ ಸರಿದ ಮೊದಲರ್ಧದ ಎತ್ತುಗಳು ಯಂತ್ರಗಳಂತಿದ್ದವು. ಇವುಗಳಿಗೆ ಜೀವ ಬಂದಿತ್ತು. ಇದನ್ನು ಶಿವರಂಜನಿ ಮೊದಲ ಸಲ ಕಂಡದ್ದು ಆ ಗೋಡೆಯ ಮೇಲೆ. ಕಂಡು ಸ್ವಲ್ಪ ಸಿಟ್ಟೂ ಬಂತು. ಕಡೆಗೆ ಹಸಿರು ಬಳೆಯ ಕೈ ಮೂಡಿ, ಅಲ್ಲೇ ನಿಂತು, ಸಿನಿಮಾ ಮುಗಿಯಿತು.

ಮೇಡಂ ಕಣ್ಣೊರೆಸಿಕೊಂಡರು, ನಗು ತಡೆದು ತಡೆದು ನೀರು ಬಂದಿತ್ತು. ಸರ್ ನಗಲಿಲ್ಲ.

"ಅರ್ಧ ಏರಿನ ಮ್ಯಾಲ ಬಂಡಿ ಭಾರ ಹೆಚ್ಚಾತು," ಎಂದರು. "ಜಗ್ಗೋ ಬಲ ಕಡಿಮಿ ಆತು. ಹಂಗಿದ್ರ ಬಂಡಿ ಹಿಂದ ಜಾರಬೇಕು. ಮ್ಯಾಲ ಹೆಂಗ ಹೋತು? ಇದು ಭೌತಶಾಸ್ತ್ರದ ಪ್ರಾಜೆಕ್ಟು. ಹೇಳು."

ಶಿವರಂಜನಿಯ ವರ್ಷ ಆ ಪ್ರಶ್ನೆಯ ತುದಿಯಲ್ಲಿ ನಿಂತಿತ್ತು. ಅವಳು ಯೋಚಿಸಿದಳು. ತಾನು ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದರಲ್ಲೂ ಯಾವುದೂ ಚಲಿಸಿರಲಿಲ್ಲ. ಎಲ್ಲವೂ ಇದ್ದಲ್ಲೇ ಇದ್ದವು, ಹೊರಗಿನಿಂದ ಯಾರೋ ಬಂದು ಸರಿಸುವ ತನಕ. ಉಳಿದ ಫೋಟೋಗಳಲ್ಲಿ ಆ ಯಾರನ್ನೋ ಮುಚ್ಚಿಟ್ಟಿದ್ದಳು. ಒಂದರಲ್ಲಿ ಮಾತ್ರ ಆಗಿರಲಿಲ್ಲ.

"ಬಾಹ್ಯ ಬಲ, ಸರ್," ಎಂದಳು. "ಕಡೀ ಚಿತ್ರದಾಗ ಕಾಣ್ತದಲ್ರಿ."

"ಯಾರದದು?"

"ನಮ್ಮ ಆಯಿದ್ರಿ."

ಸರ್ ಗೋಡೆಯ ಮೇಲೆ ಇನ್ನೂ ನಿಂತಿದ್ದ ಕೈಯನ್ನು ನೋಡಿದರು. "ಸರಿ ಅದ," ಎಂದು ಸಹಿ ಹಾಕಿ, ಹಾಳೆಯನ್ನು ಮೇಡಂ ಕಡೆ ಸರಿಸಿದರು. ಹುಡುಗಿಯರು ಬಾಗಿಲ ತನಕ ಹೋದಾಗ ಹಿಂದಿನಿಂದ ಕರೆದರು.

"ಮೀಸಿ ಯಾರು ಮಾಡಿದ್ದು?"

ಸಮ್ರೀನ್ ನೆಲ ನೋಡಿದಳು. "ನಾನ್ರಿ ಸರ್."

"ಎಡಗಡಿಗಿ ಅಷ್ಟು ಉದ್ದ ಇಲ್ಲ," ಎಂದರು ಸರ್.

ಮನೆಗೆ ಬಂದಾಗ ಜಗಲಿ ಖಾಲಿಯಾಗಿತ್ತು. ಗೊಲ್ಲಾಳಮ್ಮ ಬೆಳಗ್ಗೆಯೇ ಕೆರೆಗೆ ಹೋಗಿ ಬಂದು ಅಕ್ಕಿ ಆರಿಸುತ್ತ ಕೂತಿದ್ದಳು. ಪಾಸಾದ ಸುದ್ದಿ ಕೇಳಿ, "ಆಗದ ಏನ್ ಮಾಡ್ತದ, ನನ್ನ ಕೈ ಬಿದ್ದದಲ್ಲ," ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಏನನ್ನೋ ತೆಗೆದು ಮೊಮ್ಮಗಳ ಮುಂದಿಟ್ಟಳು. ಮಣ್ಣು ಪೂರ್ತಿ ಕರಗಿ ಹೋಗಿ, ತೊಳೆದು ಒರೆಸಿದ ಎರಡು ತಂತಿಯ ಎತ್ತುಗಳು.

"ಮಣ್ಣು ಕೆರಿಗಿ ಹೋತು. ತಂತಿ ನಿನಗ ಬೇಕಾಗ್ತದಂತ ತಂದೆ."

ಶಿವರಂಜನಿ ತಂತಿ ನೋಡಿದಳು, ಆಯಿಯನ್ನು ನೋಡಿದಳು. "ಒಳಗ ತಂತಿ ಅದ ಅಂತ ನಿನಗ ಮೊದ್ಲ ಗೊತ್ತಿತ್ತಾ?"

"ವಿಭೂತಿ ಹಚ್ಚುವಾಗ ಬೆರಳಿಗಿ ಚುಚ್ಚಿತು."

"ಮತ್ತ ಗುರುದೇವಕ್ಕ ಬಸವಣ್ಣ ತಲಿ ಬಾಗಿಸಿದ ಅಂದಾಗ ಸುಮ್ಮ ಕುಂತಿದ್ದಿಯಲ್ಲ!"

"ನೀನೂ ಸುಮ್ಮ ನಿಂತಿದ್ದಿ," ಎಂದಳು ಗೊಲ್ಲಾಳಮ್ಮ, ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದು. "ಹೋಗ್ಲಿ. ಬರೂ ವರ್ಷ ಬಾಲಕ್ಕೂ ತಂತಿ ಹಾಕು. ಬಾಲಾನೂ ಅಲ್ಲಾಡಸ್ತದಂತ ಓಣ್ಯಾಗ ಹೇಳಿಬಿಟ್ಟೀನಿ."